ಅಳಿಲಿನ ಅಳಲು

ಎರಡನೇ ತರಗತಿಯ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ಕರಡಿ. ಕತೆಯಲ್ಲಿ ಕರಡಿ ಬಂದರೆ ಕಿಟಕಿ ಗಾಜು ನಡುಗುವಂತೆ ಗುರುಗುಟ್ಟುತ್ತಿದ್ದರು. ಮೊಲ ಬಂದರೂ ಅದೇ ದನಿ, ಇರುವೆ ಬಂದರೂ ಅದೇ. ವರ್ಷಗಟ್ಟಲೆ ಮಗ್ಗಿ ಹೇಳಿಸಿ ಒರಟಾದ ಗಂಟಲು. ಬೇರೆ ಸ್ವರ ಸ್ಟಾಕಿನಲ್ಲಿರಲಿಲ್ಲ.

ಮಕ್ಕಳ ಮನಸ್ಸಿನಲ್ಲಿರುವುದನ್ನು ಕತೆಯ ಪ್ರಾಣಿಗಳ ಬಾಯಲ್ಲಿ ಹೇಳಿಸಿ ಎಂದು ಒಂದು ತರಬೇತಿಯಲ್ಲಿ ಕಲಿಸಿದ್ದರು. ತರಬೇತಿಗಳಲ್ಲಿ ಮೇಷ್ಟ್ರನ್ನು ಸಾಮಾನ್ಯವಾಗಿ ಹಿಡಿಯುತ್ತಿದ್ದದ್ದು ತೂಕಡಿಕೆ. ಈ ಸಲ ಮಾತು ಹಿಡಿಸಿತು. ತರಗತಿಯ ಮೂಲೆಯಲ್ಲಿ ಚಾಪೆ ಹಾಸಿದರು. ಕಪಾಟಿನ ಬೀಗ ತೆಗೆದು ಪುಸ್ತಕಗಳನ್ನು ಪುಟ್ಟ ಕೈಗಳಿಗೆ ಎಟುಕುವಲ್ಲಿ ಇಟ್ಟರು. ರಟ್ಟಿನ ಮೇಲೆ ಮುಖಗಳನ್ನು ತಾವೇ ಬರೆದು, ಕೆಳಗೆ ಹೆಸರು ಹಾಕಿ ಗೋಡೆಗೆ ಅಂಟಿಸಿದರು: ಖುಷಿ, ಸಿಟ್ಟು, ಭಯ, ಅಳು, ನಾಚಿಕೆ. ಕತೆ ಮುಗಿದ ಮೇಲೆ ಏನನ್ನಿಸಿತೋ ಆ ಮುಖ ಮುಟ್ಟಬೇಕು. ಚಿತ್ರದಲ್ಲಿ ಮೇಷ್ಟ್ರ ಕೈ ಅಷ್ಟಕ್ಕಷ್ಟೇ. ಸಿಟ್ಟಿಗೆ ಹಲ್ಲುನೋವು ಬಂದಂತಿತ್ತು. ನಾಚಿಕೆಯೊಂದು ಚೆನ್ನಾಗಿ ಬಂದಿತ್ತು: ಕೆಂಪು ಕೆನ್ನೆ, ತಗ್ಗಿದ ಕಣ್ಣು, ತುಟಿಯಂಚಿನಲ್ಲಿ ನಗು.

ಆ ದಿನಗಳಲ್ಲೇ ರಬ್ಬರು, ಪೆನ್ಸಿಲ್ಲುಗಳು ಮಾಯವಾಗತೊಡಗಿದವು. ಮಕ್ಕಳು ಆಟಕ್ಕೆ ಹೋಗಿದ್ದಾಗ ಬೆಂಚಿನಿಂದ ಬಿದ್ದಿದ್ದ ಚೀಲವೊಂದನ್ನು ಮೇಷ್ಟ್ರು ಎತ್ತಿದರೆ ಅವೆಲ್ಲ ಬುಳುಬುಳು ಉದುರಿದವು. ಹೊಸದಾಗಿ ಸೇರಿದ, ಬಾಯೇ ಬಿಡದ ಹುಡುಗಿಯ ಚೀಲ. ಮೇಷ್ಟ್ರು ಬೈಯಲಿಲ್ಲ. ಸದ್ದಿಲ್ಲದೆ ಎಲ್ಲವನ್ನೂ ಅವರವರ ಡಬ್ಬಿಗೆ ಸೇರಿಸಿ, ಪಕ್ಕದ ಮರದವರ ಕಾಯಿ ಕದ್ದು ಪೊಟರೆಯಲ್ಲಿ ಬಚ್ಚಿಡುವ ಅಳಿಲಿನ ಪುಸ್ತಕ ಹುಡುಕಿದರು. ಅಳಿಲಿನ ಅಳಲು ಕೇಳಿದರೆ ಹುಡುಗಿಯ ಅಳಲೂ ಹೊರಬಂದೀತು ಎಂಬುದು ಅವರ ಲೆಕ್ಕ.

ಓದುವಾಗ ಒಂದೊಂದು ಪುಟಕ್ಕೂ ಅವಳ ಕಡೆ ನೋಡಿದರು. ಮಕ್ಕಳು ಮೇಷ್ಟ್ರನ್ನೇ ನೋಡುತ್ತಿದ್ದರು. ಮೇಷ್ಟ್ರ ಕಣ್ಣು ಹೋದಲ್ಲಿಗೆ ಎಲ್ಲರ ಕಣ್ಣೂ ಹೋಯಿತು.

ಕತೆ ಮುಗಿಯಿತು. ಹುಡುಗಿ ಎಲ್ಲರಿಗಿಂತ ಮೊದಲು ಎದ್ದುಹೋಗಿ ನಾಚಿಕೆಯನ್ನು ಮುಟ್ಟಿದಳು. ಮೇಷ್ಟ್ರು ಉಬ್ಬಿಹೋದರು.

“ಎಷ್ಟು ಮುದ್ದಾಗಿ ನಾಚ್ಕೊಂಡ್ಲು ಗೊತ್ತಾ!” ಎಂದು ಸಂಜೆ ಹೆಂಡತಿಯ ಮುಂದೆ ಕೊಚ್ಚಿಕೊಂಡರು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಆಕೆ ಎಲ್ಲವನ್ನೂ ಕೇಳಿ, ಬಟ್ಟೆ ಮಡಚುತ್ತಿದ್ದ ಕೈ ನಿಲ್ಲಿಸಿದರು.

“ನಾಚ್ಕೊಂಡ್ಲೋ, ನಾಚಿಕೆ ಆಯ್ತೋ?”

“ಎರಡೂ ಒಂದೇ ಅಲ್ವೇನೇ?”

“ನಾಚಿಕೆ ಆಗಲ್ವಾ ನಿಂಗೆ ಅಂತ ಅಮ್ಮ ಬೈದಾಗ ನಾನೇನು ಮುಸಿಮುಸಿ ನಗ್ತಿದ್ನಾ? ಅವಮಾನ ಆಗಿದೆ ರೀ ಆ ಮಗೂಗೆ! ನಿಮ್ಮ ಗೋಡೆ ಮೇಲೆ ಆ ಮುಖ ಇರ್ಲಿಲ್ಲ, ಹೆಸರು ಇತ್ತು. ಹೆಸರು ಮುಟ್ತು. ಯಾಕೆ ತಗೊಂಡೆ ಪುಟ್ಟಾ ಅಂತ ಕೇಳಿದ್ರಾ?”

“ಇಲ್ಲ.”

“ಅಳಿಲನ್ನ ಮಾತ್ರ ಚೆನ್ನಾಗಿ ವಿಚಾರಿಸ್ಕೊಂಡ್ರಿ.”

ಮೇಷ್ಟ್ರಿಗೆ ಕಿವಿವರೆಗೂ ಬಿಸಿಯೇರಿತು. ಎದ್ದು ಹೋಗಿ ಮುಖ ತೊಳೆದುಕೊಂಡರು. ಕನ್ನಡಿ ನೋಡಲಿಲ್ಲ.

ಮರುದಿನ ಶಾಲೆಯ ಪಡಸಾಲೆಯಲ್ಲೇ ಕೇಳಿಸಿತು: “ಏ ಅಳಿಲು, ನನ್ನ ಶಾರ್ಪ್‌ನರ್ ಯಾವ ಪೊಟರೇಲಿ ಇಟ್ಟಿದೀಯೇ?” ಕರಡಿ ಎಂಬ ಹೆಸರನ್ನು ಮಕ್ಕಳು ಪ್ರೀತಿಯಿಂದ ಇಟ್ಟಿದ್ದರು. ಈ ಹೆಸರನ್ನು ಇಟ್ಟವರು ಮೇಷ್ಟ್ರೇ. ಕತೆಯ ಹೊತ್ತಿಗೆ ಹುಡುಗಿ ಚಾಪೆಗೆ ಬರಲಿಲ್ಲ. ಬೆಂಚಿನ ಮೇಲೆ ತಲೆಯಿಟ್ಟು ಮಲಗಿದಳು. ಹೀಗೇ ಬಿಟ್ಟರೆ ಇವಳು ಪುಸ್ತಕದ ಹತ್ತಿರವೇ ಸುಳಿಯುವುದಿಲ್ಲ ಎಂದು ಮೇಷ್ಟ್ರಿಗೆ ದಿಗಿಲಾಯಿತು.

ಬಿಡುವಿನಲ್ಲಿ ಅವಳ ಬೆಂಚಿನ ಪಕ್ಕ ಮಂಡಿಯೂರಿದರು. “ತಪ್ಪಾಯ್ತು ಕಣಮ್ಮ. ನಿನ್ನನ್ನೇ ಕೇಳ್ಬೇಕಿತ್ತು ನಾನು.”

ಹುಡುಗಿ ತಲೆಯೆತ್ತಿದಳು. “ಎಲ್ಲರ ಮುಂದೆ ಹೇಳಿ.”

ಅವರು ಕೇಳಿದ ಅವಳ ಮೊದಲ ಪೂರ್ತಿ ವಾಕ್ಯ ಅದು. ನ್ಯಾಯವಾದದ್ದೇ. ಆದರೆ ಎಲ್ಲರ ಮುಂದೆ ಹೆಸರು ಹೇಳಿ ಕ್ಷಮೆ ಕೇಳಿದರೆ ಅಳಿಲು ಇವಳೇ ಎಂದು ಮೊಹರು ಒತ್ತಿದಂತೆ. ಹೆಸರು ಹೇಳದಿದ್ದರೆ ಅದು ಕ್ಷಮೆಯೇ ಅಲ್ಲ.

ಗಂಟೆ ಹೊಡೆಯಿತು. ಮೇಷ್ಟ್ರು ಕಪ್ಪುಹಲಗೆಯ ಮುಂದೆ ನಿಂತರು.

“ಅಳಿಲಿನ ಕತೇನ ನಿಮಗೆಲ್ಲ ಅಂತ ಓದ್ಲಿಲ್ಲ ನಾನು. ಒಬ್ಬರನ್ನ ಚುಚ್ಚೋ ಹಾಗೆ ಓದ್ದೆ. ಪುಸ್ತಕದ ಹಿಂದೆ ಅಡಗಿಕೊಂಡು ಓದ್ದೆ. ನಂಗೆ ನಾಚಿಕೆ ಆಗ್ತಿದೆ.”

“ಯಾರನ್ನ ಸರ್?” ಎಂದಿತು ಮುಂದಿನ ಬೆಂಚು.

“ನಮಗ್ಗೊತ್ತು!” ಎಂದಿತು ಹಿಂದಿನದು. ಕಿಸಕ್ಕೆಂದು ನಗು.

ಈ ಸಲ ಮೇಷ್ಟ್ರು ಅವಳ ಕಡೆ ನೋಡಲಿಲ್ಲ. ಕಾಲಬುಡದ ಸೀಮೆಸುಣ್ಣದ ಪುಡಿಯನ್ನೇ ನೋಡಿದರು.

“ನನ್ನ,” ಎಂದಳು ಹುಡುಗಿ. “ಸರ್ ನಂಗೇ ಹೇಳ್ತಿರೋದು. ಇನ್ಮೇಲೆ ಹಾಗೆ ಕರೀಬೇಡಿ ಯಾರೂ.”

ನಗು ಅಲ್ಲಿಗೇ ನಿಂತಿತು. ಅವಳು ಬೆಂಚಿನಿಂದ ಇಳಿದು ಚಾಪೆಯ ತುತ್ತತುದಿಗೆ ಬಂದು, ಮೇಷ್ಟ್ರಿಗೆ ಬೆನ್ನು ಹಾಕಿ ಕೂತಳು.

ಮೇಷ್ಟ್ರು ಕೈಗೆ ಸಿಕ್ಕ ಪುಸ್ತಕ ತೆಗೆದರು. ಅದು ಯಾರ ಕುರಿತದ್ದೋ ನೋಡಲಿಲ್ಲ. ಆ ಪುಟ್ಟ ಬೆನ್ನು ಎದ್ದುಹೋಗದಿರಲಿ ಎಂದುಕೊಳ್ಳುತ್ತ, ಮೆಲ್ಲಗೆ, ಕೊನೆಯವರೆಗೂ ಓದಿದರು.