ಸಾಹೇಬನ ಹರಿದ ಕಿವಿ

ಬೀದಿಯವರ ಬಾಯಲ್ಲಿ ಅವನು ತಿದ್ದಪ್ಪ. ಮೂವತ್ತು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡು ಜನರ ಮುಖ ತಿದ್ದುವುದೇ ಅವನ ಕಸುಬು. ಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದ, ಈಗ ಮೌಸ್ ಆಡಿಸುತ್ತಾನೆ. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು, ಯಾವುದನ್ನೂ ಬಿಟ್ಟವನಲ್ಲ. ತಿದ್ದಿದ ಮೇಲೆ ಮೂಲ ಫೋಟೋ ಅಳಿಸಿಬಿಡುತ್ತಿದ್ದ. ಗಿರಾಕಿ ತನ್ನ ಹಳೇ ಮೂತಿಯನ್ನು ಮತ್ತೆ ನೋಡಬಾರದು ಎಂಬುದು ಅವನ ವಾದ.

ಅವನ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಗುಂಡಿ ಹೊಲಿಯುವವಳು. ಬಾವ ತೀರಿಕೊಂಡ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡಿದ್ದೇನಾದರೂ ಇದ್ದರೆ ಒಂದು ಮುದಿನಾಯಿಯ ಜೊತೆ, ಅದೂ ಬೈಗುಳದಲ್ಲಿ. ಕರೆದರೆ ತಿರುಗಿಯೂ ನೋಡದ ಅದರ ಗತ್ತಿಗೆ ಸಾಹೇಬ ಎಂದು ಹೆಸರಿಟ್ಟಿದ್ದಳು. ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೊರಟಾಗ ಅದನ್ನು ತಮ್ಮನಿಗೆ ಒಪ್ಪಿಸಿದಳು. ಅದೇ ಮಧ್ಯಾಹ್ನ ಸ್ಟುಡಿಯೋ ಮುಂದೆ ಲಾರಿಯ ಟೈರು ಢಮಾರ್ ಎಂದಿತು. ಸಾಹೇಬ ಹಗ್ಗ ಹರಿದುಕೊಂಡು ಓಡಿದ್ದೇ ಓಡಿದ್ದು.

ತಿದ್ದಪ್ಪ ಹಿಂದೆಯೇ ಓಡಿದ. ಗಲ್ಲಿ ಗಲ್ಲಿ ಅಲೆದ. ಅಕ್ಕನಿಗೆ ಕೊಡಲೆಂದು ಹಿಂದಿನ ತಿಂಗಳು ತೆಗೆದು ತಿದ್ದಿಟ್ಟಿದ್ದ ಸಾಹೇಬನ ಫೋಟೋ ನೆನಪಾಯಿತು. 'ನಾಯಿ ಕಾಣೆಯಾಗಿದೆ' ಎಂದು ಐವತ್ತು ಪ್ರತಿ ತೆಗೆದು ಬಸ್ ಡಿಪೊದವರೆಗೂ ಗೋಡೆಗಳಿಗೆ ಅಂಟಿಸಿದ.

ಜನ ಬಂದರು. ಒಬ್ಬ ಮಿರಮಿರ ಮಿಂಚುವ ಕರಿನಾಯಿ ತಂದ, ಇನ್ನೊಬ್ಬ ಶಾಂಪೂ ವಾಸನೆಯದು. ಸಾಹೇಬನ ಸುಳಿವಿಲ್ಲ.

ಮೂರನೆಯ ದಿನ ಅಕ್ಕ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ಅವನು ತೊದಲುತ್ತಾ ಹೇಳಿದ. ಅವಳು ಅಳಲಿಲ್ಲ. ಪೋಸ್ಟರನ್ನು ಇನ್ನೊಂದು ಕಣ್ಣಿಗೆ ಹಿಡಿದಳು.

"ಇದ್ಯಾರ ನಾಯಿನೋ?"

"ನಮ್ಮ ಸಾಹೇಬನೇ ಅಕ್ಕ."

"ಹರಿದ ಕಿವಿ ಎಲ್ಲಿ?"

"ಸರಿ ಮಾಡ್ದೆ."

"ನೀನು ಸರಿ ಮಾಡಿದ್ದು ಅದಕ್ಕೆ ಗೊತ್ತಾ? ಕಣ್ಣಿನ ಪೊರೆನೂ ಇಲ್ವಲ್ಲೋ! ನಂಗೆ ತೆಗೆಯೋಕೆ ದೊಡ್ಡ ಡಾಕ್ಟ್ರು ಬೇಕಾಯ್ತು, ಇದಕ್ಕೆ ನೀನೇ ತೆಗೆದ್ಯಾ?"

"ಚೆನ್ನಾಗಿ ಕಾಣ್ಲಿ ಅಂತ..."

"ನನ್ನ ಗೇಟ್ ಪಾಸಿನ ಫೋಟೋಗೂ ಹಿಂಗೇ ಮಾಡಿದ್ದೆ. ಮುಷ್ಕರದಲ್ಲಿ ಲಾಠಿ ಬಿದ್ದ ಹಣೆಗಾಯ ಒರೆಸಿಹಾಕ್ದೆ. ವಾಚ್‌ಮನ್ ಒಂದು ವಾರ ಒಳಗೆ ಬಿಡ್ಲಿಲ್ಲ. ಮೊದಲಿನ ಫೋಟೋ ಎಲ್ಲಿ?"

"ಅಳಿಸಿಬಿಟ್ಟೆ."

"ಹಂಗಾದ್ರೆ ಕೂತ್ಕೊ. ಕಿತ್ತಿದ್ದನ್ನೆಲ್ಲ ವಾಪಸ್ ಹಾಕು."

ಕೂತ. ಮೂವತ್ತು ವರ್ಷ ಕಲೆ ಒರೆಸಿದ ಕೈಗೆ ಕಲೆ ಬರೆಯಲು ಬರಲಿಲ್ಲ. ಕಿವಿ ಯಾವ ಕಡೆ ಹರಿದಿತ್ತೆಂಬುದೇ ಅವನಿಗೆ ನೆನಪಿರಲಿಲ್ಲ. ಅಕ್ಕ ಪಕ್ಕದ ಸ್ಟೂಲಿನಲ್ಲಿ ಕೂತು, ಇದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡು ಹೇಳುತ್ತಾ ಹೋದಳು.

"ಎಡಗಿವಿ. ತುದಿಯಿಂದ ಅರ್ಧದವರೆಗೆ. ಅಷ್ಟು ನಾಜೂಕಾಗಿ ಹರೀಬೇಡ್ವೋ, ಇನ್ನೊಂದು ನಾಯಿ ಕಚ್ಚಿದ್ದು ಅದು, ಕತ್ತರೀಲಿ ಕತ್ತರಿಸಿದ್ದಲ್ಲ. ಬೆನ್ನ ಮೇಲೆ ಕೂದಲುದುರಿದ ಜಾಗ, ಅಂಗೈಯಷ್ಟು. ಮೂತಿಗೆ ಬಿಳಿ ಹಾಕು. ಇನ್ನೂ ಹಾಕು. ನಮ್ಮ ಮನೇಗೆ ಬಂದಾಗ ಅದರ ಮೂತಿ ಕರ್ರಗಿತ್ತು ಕಣೋ..."

ತಿದ್ದಪ್ಪ ತಿರುಗಿ ನೋಡಲಿಲ್ಲ. ಒಂದೊಂದೇ ಬಿಳಿಗೂದಲು ಎಳೆಯುತ್ತಾ ಕೂತ.

ಹೊಸ ಪೋಸ್ಟರು ಗೋಡೆ ಹತ್ತಿದ ಮರುದಿನ ಬೆಳಿಗ್ಗೆಯೇ ಡಿಪೊದಲ್ಲಿ ಬಸ್ ತೊಳೆಯುವಾಕೆಯ ಫೋನು ಬಂತು.

"ಅರೆಗಿವಿ ನಾಯಿ ತಾನೆ? ನಾಕು ದಿನದಿಂದ ಇಲ್ಲೇ ಬಿದ್ಕೊಂಡಿದೆ ಸ್ವಾಮಿ, ನಿಮ್ಮ ಹಳೇ ಪೋಸ್ಟರ್ ಕೆಳಗೇ. ಆ ಪೋಸ್ಟರಲ್ಲಿರೋದು ಯಾವುದೋ ಬಂಗ್ಲೆ ನಾಯಿ ಅನ್ಕೊಂಡೆ ನಾನು."

ಅಕ್ಕ ಡಿಪೊ ಗೇಟಿನಿಂದಲೇ ಕೂಗಿದಳು. ಸಾಹೇಬ ಎಂದಿನಂತೆ ತಿರುಗಿ ನೋಡಲಿಲ್ಲ. ಆಮೇಲೆ ಎದ್ದು, ಮೈಮುರಿದು, ನಿಧಾನಕ್ಕೆ ನಡೆದು ಬಂದು ಅವಳ ಪಾದದ ಮೇಲೆ ಮೂತಿ ಇಟ್ಟಿತು.

"ಎಲ್ಲಿ ಸಾಯೋಕೆ ಹೋಗಿದ್ಯೋ ಹಲ್ಕಾ!" ಎಂದಳು. ಬೆರಳು ಮಾತ್ರ ಹರಿದ ಕಿವಿಯ ಅಂಚನ್ನೇ ಸವರುತ್ತಿತ್ತು.

ತಿದ್ದಪ್ಪ ಫೋನು ತೆಗೆದು ಇಬ್ಬರದೂ ಒಂದು ಫೋಟೋ ಹೊಡೆದ.

"ನನ್ನ ಕಣ್ಣಿನ ಪಟ್ಟಿ ಅಳಿಸಿದ್ರೆ ಕೈ ಮುರೀತೀನಿ ನೋಡು."

ಸಾಹೇಬ ತಲೆ ಕೊಡವಿದ್ದರಿಂದ ಫೋಟೋದಲ್ಲಿ ಕಿವಿ ಅಲುಗಿ ಮಸುಕಾಗಿದೆ. ನುಣುಪು ಮುಖಗಳೇ ತುಂಬಿದ ಸ್ಟುಡಿಯೋದ ಗಾಜಿನ ಬೀರುವಿನಲ್ಲಿ ಆ ಫೋಟೋ ಈಗ ನಡುಮಧ್ಯದಲ್ಲಿದೆ. ಇದನ್ನು ತಿದ್ದೋಕೆ ಮರೆತ್ರಾ ಎಂದು ಯಾರಾದರೂ ಕೇಳಿದರೆ, "ನನ್ನ ಕೈ ನಂಗೆ ಬೇಕು" ಎನ್ನುತ್ತಾನೆ.