ನೇರಲ ಮರದ ಗುಂಡಿ

ಕಬ್ಬೂರಿನ ಹೊಳೆವ್ವನಿಗೆ ಹೇಸಿಕೆ ಬೇಗ. ಅನ್ನದಲ್ಲಿ ಒಂದು ಕೂದಲು ಕಂಡರೆ ಅವತ್ತಿನ ಊಟ ಮುಗಿದಂತೆ. ಬಸ್ಸಿನಲ್ಲಿ ಪಕ್ಕದವರು ಗುಟ್ಕಾ ಉಗುಳಿದರೆ ಚಿಕ್ಕೋಡಿ ಬರುವ ತನಕ ಸೆರಗು ಮೂಗು ಬಿಟ್ಟು ಇಳಿಯುತ್ತಿರಲಿಲ್ಲ. ಇಂಥವಳನ್ನು ತೆಲಸಂಗದಿಂದ ತಂದು ಕುರಿ ಸಾಕುವ ಮನೆಗೆ ಕೊಟ್ಟಿದ್ದರು. ಹಿತ್ತಲ ಬಾಗಿಲು ತೆರೆದರೆ ಕುರಿದಡ್ಡಿ. ಮಳೆಗಾಲದಲ್ಲಿ ಹಿಕ್ಕೆ, ಉಚ್ಚೆ, ನೆನೆದ ಉಣ್ಣೆಯ ವಾಸನೆಯೆಲ್ಲ ಒಂದಾಗಿ ಒಲೆಯ ಮುಂದೆ ಬಂದು ಕೂರುತ್ತಿತ್ತು. ಹೊಸ ಸೊಸೆ ರೊಟ್ಟಿ ತಟ್ಟುತ್ತ ತಟ್ಟುತ್ತ ಎದ್ದು ಹೋಗಿ ವಾಂತಿ ಮಾಡಿ ಬರುತ್ತಿದ್ದಳು. ಬಸುರಿ ಇರಬೇಕೆಂದು ಅತ್ತೆ ಖುಷಿಪಟ್ಟದ್ದೇ ಬಂತು. ಕಡೆಗೊಂದು ದಿನ ಅವಳು ಗಂಡ ಮಲಕಾರಿಗೆ, ದಡ್ಡಿ ಹೊಲಕ್ಕೆ ಹೋಗಬೇಕು, ಇಲ್ಲವೆ ತಾನು ತವರಿಗೆ ಹೋಗಬೇಕು ಎಂದಳು. ಮಲಕಾರಿ ಜಗಳಕ್ಕೆ ಅಂಜುವ ಮನುಷ್ಯ. ಕುರಿಗಳು ಹೊಲಕ್ಕೆ ಹೋದವು.

ದಡ್ಡಿ ತೆರವಾದ ಹಿತ್ತಲಲ್ಲಿ ಉಳಿದದ್ದು ಅತ್ತೆ ಹಚ್ಚಿದ ಒಂದು ನೇರಲ ಮರ. ಹೊಳೆವ್ವ ಅದರ ನೆರಳಲ್ಲಿ ಕಾಳು ಹಸನು ಮಾಡಿದಳು, ಕೂಸುಗಳನ್ನು ಮಲಗಿಸಿದಳು, ಬೇಸಿಗೆಯಲ್ಲಿ ಅಲ್ಲೇ ಕೂತು ಉಂಡಳು. ಅತ್ತೆ ಸತ್ತ ಮೇಲೆ ಅಣ್ಣತಮ್ಮಂದಿರು ಪಾಲಾದರು. ನಡುವೆ ಗೋಡೆ ಎದ್ದಿತು. ಮರ ಹೊಳೆವ್ವನ ಪಾಲಿಗೆ ಬಂತಾದರೂ ಅರ್ಧ ಟೊಂಗೆಗಳು ಮೈದುನ ಮಾಳೇಶನ ಅಂಗಳದ ಮೇಲಿದ್ದವು.

ಮಾಳೇಶ ಕಬ್ಬು ಕಡಿಯುವ ಆಳುಗಳ ಗ್ಯಾಂಗು ನಡೆಸುವ ಮುಕಾದಮ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ. ಅಂಗಳಕ್ಕೆಲ್ಲ ಬಿಳಿ ಟೈಲ್ಸ್ ಹಾಕಿಸಿದ, ಬಿಳಿ ಕಾರು ತಂದು ನಿಲ್ಲಿಸಿದ. ಆಷಾಢದ ಗಾಳಿಗೆ ಹಣ್ಣುಗಳು ಉದುರಿ ಎರಡರ ಮೇಲೂ ನೀಲಿ ಕಲೆ ಬಿದ್ದವು.

"ವೈನಿ, ನಿಮ್ಮ ನೇರಲಹಣ್ಣಿನ ಕಾಲಾಗ ಗಾಡಿ ಹೊಲಸ ಆಗಾಕತ್ತೈತ್ರಿ. ಗಿಡಾ ಕಡಸ್ರಿ."

"ಗಿಡಾ ಸರಸಾಕ ಬರೂದಿಲ್ಲ ಮಾಳೇಶ, ಗಾಡಿ ಸರಸಾಕ ಬರತೈತಿ. ಆ ಕಡೆ ನಿಂದ್ರಸು."

ಅವನು ನಕ್ಕು ಸುಮ್ಮನಾದ. ಸುಮ್ಮನಾದನೆಂದೇ ಹೊಳೆವ್ವನೂ ತಿಳಿದಳು.

ಮುಂದಿನ ಬೇಸಿಗೆಯಲ್ಲಿ ಅವಳು ಮಕ್ಕಳನ್ನು ಕರೆದುಕೊಂಡು ಅಣ್ಣನ ಮಗಳ ಮದುವೆಗೆಂದು ತೆಲಸಂಗಕ್ಕೆ ಹೋದಳು. ಮಲಕಾರಿ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋಗಿದ್ದ. ಅವಳು ತಿರುಗಿ ಬರುವಷ್ಟರಲ್ಲಿ ಮರದ ಎಲೆಗಳು ಸುಟ್ಟಂತೆ ಮುದುಡಿದ್ದವು. ಸುತ್ತಲೂ ತಿರುಗಿ ನೋಡಿದಳು. ಗೋಡೆಯ ಕಡೆ, ಬುಡದ ಹತ್ತಿರ, ಬಟ್ಟೆಸೋಪು ಮೆತ್ತಿ ಮುಚ್ಚಿದ ತೂತುಗಳಿದ್ದವು. ಕಡ್ಡಿಯಿಂದ ಕೆದರಿದಾಗ ಕರಿಯ ರಸ ಒಸರಿತು. ಟ್ರ್ಯಾಕ್ಟರಿನ ಸುಟ್ಟ ಆಯಿಲು, ಅದರೊಳಗೆ ಕಬ್ಬಿನ ಹೊಲಕ್ಕೆ ಹೊಡೆಯುವ, ಕಳೆ ಕೊಲ್ಲುವ ಎಣ್ಣೆಯ ಘಾಟು. ಹೊಳೆವ್ವ ಗೋಡೆ ಹಿಡಿದು ನಿಂತು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು.

ಬಾಯಿ ತೊಳೆದುಕೊಂಡು ನೆಟ್ಟಗೆ ಮೈದುನನ ಮನೆಗೆ ಹೋದಳು. ಅವನು ಚಹಾ ಕುಡಿಯುತ್ತ ಕೂತಿದ್ದ.

"ಗಿಡಕ್ಕ ಏನ್ ಹಾಕಿದಿ?"

"ನಾ ಯಾಕ್ ಹಾಕಲ್ರಿ ವೈನಿ? ಏನರ ರೋಗ ಬಂದಿರಬೇಕು," ಎಂದು ಮಾಳೇಶ ಬಸಿಯಲ್ಲಿ ಉಳಿದ ಚಹಾವನ್ನು ಸುರ್ರೆಂದು ಹೀರಿ ನಕ್ಕ. ಅವನ ಹೆಂಡತಿ ಕೋಮಲ ಒಳಬಾಗಿಲಲ್ಲಿ ನಿಂತಿದ್ದವಳು ತಲೆ ಕೆಳಗೆ ಹಾಕಿದಳು.

ಆ ನಗು ಹೊಳೆವ್ವನಿಗೆ ಮರದ ತೂತಿನ ರಸಕ್ಕಿಂತ ಹೊಲಸಾಗಿ ಕಂಡಿತು. ಎದುರಿಗೆ ನಿಂತು ಕೊಡಲಿ ಹಾಕಿದ್ದರೆ ಬೈದಾಡಿ ಮರೆಯುತ್ತಿದ್ದಳೋ ಏನೋ. ಇವನು ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಕಳ್ಳನ ಹಾಗೆ ಒಳಗೆ ಬಂದು, ತನ್ನ ತಾಯಿ ಹಚ್ಚಿದ ಮರಕ್ಕೆ ವಿಷ ಕುಡಿಸಿ, ಮೇಲೆ ಸೋಪು ಮೆತ್ತಿ ಹೋಗಿದ್ದ.

ಮರ ಪೂರ್ತಿ ಒಣಗಿತು. ಮನೆಯ ಮೇಲೆ ಬಿದ್ದೀತೆಂದು ಮಲಕಾರಿ ಅದನ್ನು ಕಡಿಸಿದ. ಬೊಡ್ಡೆ ಕೀಳಲು ಮಾಳೇಶನೇ ಜೆಸಿಬಿ ತಂದ. ಹೊಳೆವ್ವ ಸಂತೆಗೆ ಹೋಗಿ ಬರುವುದರೊಳಗೆ ಬೊಡ್ಡೆ ಹೋಗಿ, ಗುಂಡಿ ಮುಚ್ಚಿ, ಹಿತ್ತಲು ಕಣದ ಹಾಗೆ ಸಪಾಟಾಗಿತ್ತು.

"ತಮ್ಮ ಎಷ್ಟ್ ಛಂದ ಮುಚ್ಚಿ ಕೊಟ್ಟಾನ ನೋಡು," ಎಂದ ಮಲಕಾರಿ.

ಮೊದಲ ಮಳೆಗೆ ನೆಲ ಕುಸಿಯಿತು. ಕುಸಿದ ಕಡೆಯಿಂದ ಗಬ್ಬು ನಾತ ಎದ್ದಿತು. ಹೊಳೆವ್ವ ಸಲಿಕೆ ತಂದು ಮೇಲಿನ ಮಣ್ಣು ಎಳೆದು ನೋಡಿದಳು. ಒಡೆದ ಟೈಲ್ಸು, ಸಿಮೆಂಟಿನ ಗಟ್ಟಿಗಳು, ಬಣ್ಣದ ಡಬ್ಬಿಗಳು, ಅವುಗಳ ಸಂದಿಯಲ್ಲಿ ಕೊಳೆತ ಕೋಳಿಪುಚ್ಚ, ಕೂಸಿಗೆ ಹಾಕಿ ಬಿಸಾಕಿದ ಹೇಲಿನ ಪ್ಯಾಡುಗಳು, ಉಬ್ಬಿದ ಪ್ಲಾಸ್ಟಿಕ್ ಚೀಲಗಳು. ಮನೆ ಕಟ್ಟಿದ ಕಸ, ಮನೆ ಒಳಗಿನ ಕಸ, ಎಲ್ಲವನ್ನೂ ಮಾಳೇಶ ಅಣ್ಣನ ಹಿತ್ತಲಿಗೆ ತುಂಬಿಸಿ ಮೇಲೊಂದು ಗೇಣು ಮಣ್ಣೆಳೆದಿದ್ದ.

ಮಲಕಾರಿಯನ್ನು ಕೂಗಿದಳು. ಅವನು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಬಂದು ಇಣುಕಿ ನೋಡಿದ.

"ಹೋಗ್ಲಿ ಬಿಡು. ಮಣ್ಣಾಗ ಎಲ್ಲಾ ಕರಗತೈತಿ."

"ಟೈಲ್ಸ್ ಕರಗತಾವೇನ್ರಿ? ಪ್ಲಾಸ್ಟಿಕ್ ಕರಗತೈತೇನ್ರಿ?"

"ತಮ್ಮನ ಸಂಗಾಟ ಇದಕ್ಕ ಜಗಳಾಡ್ಲೇನು ಈಗ?" ಎನ್ನುತ್ತ ಮಲಕಾರಿ ಅಲ್ಲೇ, ಆ ನಾತದಲ್ಲೇ, ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ಜಗಿಯುವ ಅವನ ದವಡೆ ನೋಡುತ್ತ ಹೊಳೆವ್ವನಿಗೆ ಇವನ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆ ಅನಿಸಿಬಿಟ್ಟಿತು.

ಮರುದಿನ ಬೆಳಿಗ್ಗೆ ಅವಳು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಗುಂಡಿಗೆ ಇಳಿದಳು. ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು, ಓಣಿಯಲ್ಲಿ ಸುತ್ತು ಹಾಕಿ ಹೋಗಿ ಮಾಳೇಶನ ಬಿಳಿ ಟೈಲ್ಸಿನ ಮೇಲೆ ಸುರಿದಳು. ಮತ್ತೆ ಬಂದಳು, ಮತ್ತೆ ಸುರಿದಳು. ನಡುನಡುವೆ ವಾಕರಿಕೆ ಬಂದರೆ ಗೋಡೆಗೆ ಹಣೆ ಊರಿ ನಿಲ್ಲುತ್ತಿದ್ದಳು. ಓಣಿಯ ಮಂದಿ ಹೊರಗೆ ಬಂದು ನಿಂತರು. ಮಾಳೇಶ ಬನಿಯನ್ನಿನ ಮೇಲೆಯೇ ಓಡಿ ಬಂದ.

"ಏ ವೈನಿ! ತಲಿ ಕೆಟ್ಟೈತೇನ್ರಿ ನಿಮಗ?"

"ನಿಂದು ನಿನಗ ತಂದು ಕೊಡಾಕತ್ತೀನಿ. ನನಗ ಬ್ಯಾಡ."

"ಮಂದಿ ಏನ್ ಅಂತಾರ, ಸ್ವಲ್ಪರ..."

"ಮಂದಿ ನೋಡ್ಲಿ. ಮೂಗ ಐತಲ್ಲ, ವಾಸನಿ ತಗೊಳ್ಲಿ."

ಕೋಮಲ ಹೊರಬಂದಳು. ರಾಶಿಯ ಮೇಲೆ ತನ್ನ ಕೂಸಿನ ಪ್ಯಾಡುಗಳನ್ನು ಕಂಡು ಅವಳ ಮುಖ ಕಪ್ಪಿಟ್ಟಿತು. ಸೆರಗು ಬಿಗಿದು ಒಳಗಿನಿಂದ ಬುಟ್ಟಿ ತಂದು, ಆ ಕಸವನ್ನು ತುಂಬಿ ತುಂಬಿ ಗಂಡನ ಟ್ರ್ಯಾಕ್ಟರಿನ ಟ್ರ್ಯಾಲಿಗೆ ಹಾಕತೊಡಗಿದಳು. ಮಾಳೇಶ ಸ್ವಲ್ಪ ಹೊತ್ತು ಬೈದ, ಆಮೇಲೆ ಒಳಗೆ ಹೋಗಿ ಕದ ಹಾಕಿಕೊಂಡ.

ಕಸವೇನೋ ಹೋಯಿತು, ಅಡಿಯಲ್ಲಿ ಎಣ್ಣೆ ಕುಡಿದ ಮಣ್ಣು ಉಳಿಯಿತು. ಹಿಡಿದರೆ ಕೈಗೆ ಜಿಡ್ಡು ಹತ್ತುತ್ತಿತ್ತು. ಅಷ್ಟರಲ್ಲಿ ಮಲಕಾರಿಗೂ ಊರ ಮುಂದೆ ನಾಚಿಕೆಯಾಗಿತ್ತು. ಇಬ್ಬರೂ ಸೇರಿ ಆ ಮಣ್ಣನ್ನು, ಕೊಳೆತ ಬೇರುಗಳನ್ನು ತೆಗೆದು ಹಾಕಿದರು. ಒಂದು ಚೀಲ ಯೂರಿಯಾ ಚೆಲ್ಲಿ ಮುಚ್ಚಿಬಿಡೋಣವೆಂದು ಅವನೆಂದ. ಹೊಳೆವ್ವ ಒಪ್ಪಲಿಲ್ಲ.

"ಕುರಿ ಇಲ್ಲಿ ತಂದು ತರಬ್ರಿ, ರಾತ್ರಿ ಇಲ್ಲೇ ಮಲಗ್ಲಿ."

ಮಲಕಾರಿ ಬಾಯಿ ತೆರೆದು ನೋಡಿದ. "ಅವುನ್ನ ಇಲ್ಲಿಂದ ಓಡಿಸಿದಾಕಿ ನೀನ ಅಲ್ಲೇನು? ಹೇಸಿಕಿ ಬರತೈತಿ ಅಂತಿದ್ದಿ."

"ಈಗೂ ಬರತೈತಿ. ಆದ್ರ ಅದು ಅವು ತಿಂದು ಹಾಕಿದ ಹೇಸಿಕಿರಿ. ನಿಮ್ಮ ತಮ್ಮಂದು ಬೇಕಂತ ಮಾಡಿದ ಹೇಸಿಕಿ."

ಹಳ್ಳದ ಮಣ್ಣು ತಂದು ಗುಂಡಿಗೆ ತುಂಬಿದರು. ಕಬ್ಬಿನ ಒಣ ಸೋಗೆಯ ರವದಿ ಕತ್ತರಿಸಿ ಹಾಸಿದರು. ಬರೀ ರವದಿ ಹಾಕಿದರೆ ಅದು ಕೊಳೆಯುವಾಗ ಮಣ್ಣಿನ ಸತ್ವವನ್ನೇ ತಿನ್ನುತ್ತದೆಂದು, ಒಂದು ಪದರು ರವದಿಗೆ ಒಂದು ಪದರು ಹಿಕ್ಕೆ ಕೂಡಿಸಿದರು. ಸಂಜೆಗೆ ಕುರಿಗಳು ಬಂದು ಅಲ್ಲೇ ಮಲಗಿದವು. ಹಳೆಯ ನಾತ ಮತ್ತೆ ಒಲೆಯ ಮುಂದೆ ಬಂದು ಕೂತಿತು. ಹೊಳೆವ್ವ ಪಡಸಾಲೆಯಲ್ಲಿ ಕೂತು ಅರೆಹೊಟ್ಟೆ ಉಂಡಳು, ಮೈ ಇಳಿದು ಕುಪ್ಪಸಗಳು ಸಡಿಲಾದವು. ಆದರೂ ಕುರಿಗಳನ್ನು ಕಳಿಸೆಂದು ಹೇಳಲಿಲ್ಲ.

ಮಳೆ ಹಿಡಿದ ಮೇಲೆ ಕುರಿ ತೆಗೆದು ಹಸಿರುಗೊಬ್ಬರಕ್ಕೆಂದು ಸೆಣಬು ಬಿತ್ತಿದಳು. ಸುತ್ತಲೂ ಎದ್ದ ಸೆಣಬು ನಡುವೆ ಮಾತ್ರ ಹಳದಿಯಾಗಿ ಸೊರಗಿತು. ಕೆದರಿ ಮೂಸಿದರೆ ಅದೇ ಆಯಿಲಿನ ವಾಸನೆ. ಥೂ ಎಂದು ಉಗುಳಿ ಅಷ್ಟು ಮಣ್ಣನ್ನೂ ತೆಗೆದೆಸೆದು ಮತ್ತೆ ಹಿಕ್ಕೆ ತುಂಬಿದಳು, ಮತ್ತೆ ಬಿತ್ತಿದಳು. ಈ ಸಲ ಸೆಣಬು ಸೊಂಟಮಟ ಎದ್ದಿತು. ಹೂ ಕಾಣುತ್ತಲೇ ಕಡಿದು, ಅಲ್ಲೇ ಕೆಡವಿ, ಮಣ್ಣೊಳಗೆ ಕಲೆಸಿದಳು. ಅದು ಕೊಳೆಯುವಾಗ ನೊಣ ಮುತ್ತಿದವು, ವಾಸನೆಗೆ ತಲೆ ತಿರುಗಿತು. ಆಮೇಲೊಂದು ದಿನ ಸಲಿಕೆ ಹಾಕಿದಾಗ ಮಣ್ಣು ಪುಡಿಪುಡಿಯಾಗಿ ಬಂತು, ಅದರೊಳಗೆ ಎರೆಹುಳ ಹೊರಳಾಡುತ್ತಿದ್ದವು. ಅವನ್ನು ಕಂಡೂ ಅವಳ ಮೈ ಜುಮ್ಮೆಂದಿತು. ಮುಖ ಆ ಕಡೆ ತಿರುಗಿಸಿಕೊಂಡೇ ಮೆಲ್ಲಗೆ ಮಣ್ಣು ಮುಚ್ಚಿದಳು.

ಅದೇ ಹೊತ್ತಿಗೆ ಗೋಡೆಯ ಆಚೆ ಕೋಮಲಳ ಕರಿಬೇವು ಒಣಗಿತು, ನುಗ್ಗೆ ಒಣಗಿತು. ಮಾಳೇಶ ಸುರಿದ ವಿಷ ಗೋಡೆಯ ಅಡಿಯಿಂದ ಅವನ ಕಡೆಗೂ ಹರಿದಿತ್ತು. ಒಂದು ಮುಂಜಾನೆ ಅವನು ಪ್ಲಾಸ್ಟಿಕ್ ಕುಂಡದಲ್ಲಿ ಒಂದು ಶೋ ಗಿಡ ಹಿಡಿದುಕೊಂಡು ಬಂದ.

"ವೈನಿ, ಆಗಿದ್ದು ಆಗಿ ಹೋತು. ನರ್ಸರಿಯಿಂದ ತಂದೀನ್ರಿ. ಎಲಿ ಉದುರೂದಿಲ್ಲ, ಹಣ್ಣ ಬಿಡೂದಿಲ್ಲ, ಹಕ್ಕಿ ಬರೂದಿಲ್ಲ."

"ಹಂಗಾರ ಅದು ಗಿಡಾ ಯಾಕ?" ಎಂದಳು ಹೊಳೆವ್ವ. ಕುಂಡ ಮುಟ್ಟಲಿಲ್ಲ.

ಅವನು ಕುಂಡ ಕೆಳಗಿಟ್ಟ. "ಒಂದೀಟು ಕುರಿಗೊಬ್ಬರ ಬೇಕಾಗಿತ್ತು. ನಮ್ಮ ಕಡೆ ಏನೂ ಬರವಲ್ದು."

"ಕೋಮಲನ ಮಾರಿ ನೋಡಿ ಕೊಡ್ತೀನಿ. ಆದ್ರ ಆಳು ಹಚ್ಚಬ್ಯಾಡ. ನೀನ ತುಂಬ್ಕೊ."

ಮಾಳೇಶ ಪ್ಯಾಂಟು ಮಡಚಿಕೊಂಡು ಹಸಿ ಹಿಕ್ಕೆಯಲ್ಲಿ ಕೈ ಹಾಕಿದ. ಕರವಸ್ತ್ರ ಮೂಗಿಗೆ ಕಟ್ಟಿಕೊಂಡು, ತೊಡೆಗೆ ಕೈ ಒರೆಸಿಕೊಳ್ಳುತ್ತ, ವಾಕರಿಸುತ್ತ ಹೊತ್ತ. ಈ ಗಳಿಗೆ ಬಂದರೆ ಸಮಾಧಾನವಾದೀತೆಂದು ಹೊಳೆವ್ವ ಎಷ್ಟೋ ಸಲ ಎಣಿಸಿದ್ದಳು. ಆಗಲಿಲ್ಲ. ಅವನು ಬಾಗಿದ್ದು, ಏದುಸಿರು ಬಿಟ್ಟದ್ದು, ಹೋಗುವಾಗ ಮತ್ತೆ ಹಲ್ಲು ಕಿರಿದದ್ದು, ಎಲ್ಲವೂ ಅವಳಿಗೆ ಹೊಲಸಾಗಿಯೇ ಕಂಡಿತು. ಅವನು ಹೋದ ಮೇಲೆ ಬುಟ್ಟಿಯನ್ನು ಬಿಸಿನೀರಲ್ಲಿ ತೊಳೆದಿಟ್ಟಳು.

ಮುಂದಿನ ಮುಂಗಾರಿಗೆ ಅವಳು ಒಂದು ಹುಲಗಲ ಸಸಿ, ಹೊಂಗೆಯದು, ಹಚ್ಚಿದಳು. ಹಳೆಯ ಗುಂಡಿಯಲ್ಲಿ ಅಲ್ಲ, ಅದರಿಂದ ನಾಲ್ಕು ಮಾರು ಈಚೆ. ಅಡಿಯಲ್ಲಿ ಉಳಿದ ಬೇರುಗಳು ಇನ್ನೂ ಕೊಳೆಯುವುದಿತ್ತು. ಕುರಿ, ಆಡು ಬಾಯಿ ಹಾಕದ ಗಿಡ ಅದು. ಉದುರಿದ ಎಲೆಯೇ ನೆಲಕ್ಕೆ ಗೊಬ್ಬರ.

ಮಲಕಾರಿ ಸಸಿಗೆ ನೀರು ಹಾಕುತ್ತ ಮೆಲ್ಲಗೆ ಕೇಳಿದ: "ಹುಲಗಲ ಭಾಳ ಎಲಿ ಉದರಸ್ತೈತಿ. ಹೂವೂ ಉದರಸ್ತೈತಿ. ಗಾಳಿಗೆ ಆ ಕಡೆ ಹಾರಿ ಹೋದ್ರ?"

"ಹೋಗ್ಲಿ."

"ಮತ್ತ ಏನರ ಹಾಕಿದ್ರ ಅಂವಾ?"

"ಹಾಕ್ಲಿ, ನೋಡೂಣು. ಈಗ ನಾ ಎಲ್ಲಿಗೂ ಹೋಗೂದಿಲ್ಲ," ಎಂದಳು ಹೊಳೆವ್ವ.

ಸಸಿ ಹತ್ತಿತು. ಕೋಮಲ ಈಗಲೂ ಬಂದು ಕೂತು ಮಾತಾಡಿ ಹೋಗುತ್ತಾಳೆ. ಮಾಳೇಶ ಓಣಿಯಲ್ಲಿ ಎದುರಾದರೆ ಮಾತ್ರ ಹೊಳೆವ್ವ ರಸ್ತೆಯ ಮತ್ತೊಂದು ಬದಿಗೆ ಸರಿಯುತ್ತಾಳೆ. ಅವನ ಮನೆಯ ಚಹಾ ಅವಳು ಮರ ಒಣಗಿದಂದಿನಿಂದ ಕುಡಿದಿಲ್ಲ.