ಅಕ್ಕನ ಹಸಿರು ದೀಪ

ನಮ್ಮಕ್ಕ ಕೆಲಸ ಮಾಡುವುದು ಗಿಡಗಳ ಪ್ರಯೋಗಾಲಯದಲ್ಲಿ, ಅದೂ ಕಿಟಕಿಯೇ ಇಲ್ಲದ ಕತ್ತಲೆ ಕೋಣೆಯಲ್ಲಿ. ಅದರ ಬಾಗಿಲಿಗೆ ಎರಡು ಪದರದ ಕಪ್ಪು ಪರದೆ ಹೊಲಿದುಕೊಟ್ಟವಳು ನಾನು. ಟೈಲರಿಂಗ್ ನನ್ನ ಕಸುಬು. ಕೊಟ್ಟ ದಿನದಿಂದಲೇ ತಲೆನೋವು ಶುರುವಾಯಿತು.

ಅವಳ ವಿದ್ಯೆ ಇಷ್ಟು. ಮೊಳಕೆಯೊಳಗೆ ಒಂದು ಪ್ರೊಟೀನ್ ಇರುತ್ತದಂತೆ. ಕತ್ತಲಿರುವಷ್ಟು ಕಾಲ ಅದು ಮೊಳಕೆಯನ್ನು ಮೇಲೆ ಮೇಲೆ ತಳ್ಳುತ್ತದೆ. ಮೊಳಕೆ ಬಿಳಿಚಿಕೊಂಡು ಉದ್ದುದ್ದ ಬೆಳೆಯುತ್ತದೆ. ಚೂರು ಬೆಳಕು ಬಿತ್ತೋ, ಇನ್ನೊಂದು ಪ್ರೊಟೀನ್ ಎಚ್ಚೆತ್ತು ಮೊದಲನೆಯದರ ಕಥೆ ಮುಗಿಸುತ್ತದೆ. ಆಮೇಲೆ ಮೊಳಕೆ ಉದ್ದವಾಗುವುದನ್ನು ಬಿಟ್ಟು ಎಲೆ ಬಿಡಿಸುತ್ತದೆ. ದೂರದಿಂದ ತರಿಸಿದ ಅಪರೂಪದ ಬೀಜದಲ್ಲಿ ಆ ತಳ್ಳುವ ಪ್ರೊಟೀನ್ ಎಷ್ಟಿದೆಯೆಂದು ಅಕ್ಕ ಅಳೆಯಬೇಕಿತ್ತು. ಆದರೆ ಪ್ರತಿ ಸಲವೂ ಕತ್ತಲಲ್ಲಿಟ್ಟ ಮೊಳಕೆಗಳು ಗಿಡ್ಡವಾಗಿ, ಎಲೆ ಅಗಲಿಸಿಕೊಂಡು ನಿಲ್ಲುತ್ತಿದ್ದವು. ಈ ಸಲವೂ ಕೆಟ್ಟರೆ ಕೆಲಸ ಬೇರೆಯವರಿಗೆ ಎಂದು ಅವಳ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ಉಳಿದಿದ್ದ ಕೊನೆಯ ಬೀಜಗಳನ್ನೂ ಹಾಕಿ ಆಗಿತ್ತು.

ಯಾರೋ ಒಳಗೆ ಬೆಳಕು ಬಿಡುತ್ತಿದ್ದಾರೆಂದು ಅಕ್ಕ ಕಸ ಗುಡಿಸುವಾಕೆಯ ಮೇಲೆ ಹರಿಹಾಯ್ದಳು, ಕಾವಲುಗಾರನ ಮೇಲೆ ರೇಗಿದಳು, ಏನೂ ಅರಿಯದ ಭಾವನನ್ನೂ ಬಿಡಲಿಲ್ಲ. ಕೊನೆಗೆ ನನ್ನ ಬುಡಕ್ಕೇ ಬಂತು.

"ನಿನ್ನ ಹೊಲಿಗೆಯಲ್ಲೇ ಎಲ್ಲೋ ಸಂದಿ ಬಿಟ್ಟಿದೀಯ," ಎಂದಳು, ಊಟಕ್ಕೆ ಕೂತಾಗ.

ನನಗೆ ಮೈಯೆಲ್ಲ ಉರಿಯಿತು. "ನಡಿ, ತೋರ್ಸು. ಒಂದೆಳೆ ಬೆಳಕು ಬಂದ್ರೂ ಇನ್ಮೇಲೆ ನಾನು ಸೂಜಿ ಮುಟ್ಟಲ್ಲ."

ಮರುದಿನ ಇಬ್ಬರೂ ಕೋಣೆಯೊಳಗೆ ಪರದೆ ಎಳೆದುಕೊಂಡು ನಿಂತೆವು. ಎಷ್ಟು ಹೊತ್ತಾದರೂ ನನ್ನ ಕೈ ನನಗೇ ಕಾಣಲಿಲ್ಲ.

"ಎಲ್ಲಿದೆಯಮ್ಮ ನಿನ್ನ ಸಂದಿ?" ಎಂದೆ.

ಅವಳ ಕೈಯಲ್ಲಿ ಟಕ್ಕೆಂದು ಹಸಿರು ದೀಪವೊಂದು ಹೊತ್ತಿತು.

"ಇದೇನು ಮತ್ತೆ?"

"ಹಸಿರು ಬೆಳಕು ಗಿಡಕ್ಕೆ ಅಷ್ಟಾಗಿ ತಾಕಲ್ಲ ಕಣೇ. ನಾವೆಲ್ಲ ಇದ್ರಲ್ಲೇ ಕೆಲ್ಸ ಮಾಡೋದು. ಒಂದು ಕ್ಷಣ ಹಾಕಿ ಆರಿಸ್ಬೇಕು, ಅಷ್ಟೆ."

ಅವಳು ಆರಿಸಲಿಲ್ಲ. ಮೊಳಕೆಗಳಿದ್ದ ತಟ್ಟೆಯ ಮುಚ್ಚಳ ತೆಗೆದು ಬಗ್ಗಿದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ನಿಂತು ನಿಂತು ನನಗೆ ಕಾಲು ನೋವು ಬಂತು.

"ದಿನಾ ಹೀಗೇ ನೋಡ್ತಾ ಕೂರ್ತೀಯಾ?"

"ಬಂದ ತಕ್ಷಣ ನೋಡ್ತೀನಿ. ಊಟಕ್ಕೆ ಮುಂಚೆ ನೋಡ್ತೀನಿ. ಹೊರಡೋವಾಗ ಒಂದ್ಸಲ. ನೋಡ್ದೆ ಇದ್ರೆ ಸಮಾಧಾನಾನೇ ಇಲ್ಲ, ಇವತ್ತಾದ್ರೂ ಉದ್ದ ಬಂದಿರ್ಬಹುದು ಅಂತ..."

ಅವಳು ತಟ್ಟೆ ನೋಡಿದಳು, ಆಮೇಲೆ ತನ್ನ ಕೈಯಲ್ಲಿದ್ದ ದೀಪ ನೋಡಿದಳು. ಮೊಳಕೆಗಳು ಗಿಡ್ಡಗೆ ಎಲೆ ಬಿಡಿಸಿಕೊಂಡು ನಿಂತಿದ್ದವು.

ದೀಪ ಆರಿತು.

"ನಾನೇ ಕಣೇ," ಎಂದಳು ಕತ್ತಲಲ್ಲಿ. "ಇಷ್ಟಿಷ್ಟು ಹೊತ್ತು ದೀಪ ಹಾಕಿ ನೋಡಿ ನೋಡಿ ನಾನೇ ಹಾಳ್ಮಾಡ್ದೆ."

ಬರುವಾಗ ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ತಡಕಾಡಿ ಅವಳ ಕೈ ಹಿಡಿದುಕೊಂಡೆ. ಅವಳು ಮೂಗೊರೆಸಿಕೊಂಡಳು.

"ಪರದೆ ಚೆನ್ನಾಗಿ ಹೊಲ್ದಿದೀಯ," ಎಂದಳು.

ಆ ಮಾತು ಹೇಳಿಸಬೇಕೆಂದೇ ನಾನು ಅಂಗಡಿ ಮುಚ್ಚಿ ಬಂದಿದ್ದೆ. ಕೇಳಿ ಒಂದಿಷ್ಟೂ ಸಂತೋಷವಾಗಲಿಲ್ಲ.